ಹದಿನಾಲ್ಕು ಸ್ಲೇಟು, ಒಬ್ಬ ಶಿವ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪಾರ್ವತಮ್ಮನವರು. ನಾನೂ ಕತೆಯೊಳಗೇ ಇದ್ದವನು. ಆದರೆ ಆಗ ನನಗೆ ಆರು ವರ್ಷ. ಆ ವಯಸ್ಸಿನವನಿಗೆ ಪುರಿ ಬೆಲ್ಲ ಎಷ್ಟು ಸಿಕ್ಕಿತು ಅನ್ನುವುದು ನೆನಪಿರುತ್ತದೆಯೇ ಹೊರತು ಊರಿನ ಕಷ್ಟ ನೆನಪಿರುವುದಿಲ್ಲ. ಹಾಗಾಗಿ ಅತ್ತೆ ಹೇಳಿದ್ದಕ್ಕೆ ನಾನು ಕಂಡಷ್ಟನ್ನು ಸೇರಿಸಿ ಬರೆಯುತ್ತಿದ್ದೇನೆ. ದೇವರೂ ಶಾಲೆಯೂ ಒಂದೇ ಸೂರಿನ ಕೆಳಗೆ ಇರುವ ಕಡೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಯಾರ ತಪ್ಪು ಎಂದು ಹುಡುಕಲು ಹೋಗಬಾರದು.

ನಮ್ಮೂರು ಅಂತರಸಂತೆಯಿಂದ ಮೂರು ಮೈಲಿ ಒಳಕ್ಕೆ. ಐವತ್ತರ ದಶಕದಲ್ಲಿ ಅಲ್ಲಿಗೊಂದು ಶಾಲೆ ಬಂತು. ಬಂತು ಅಂದರೆ ಒಬ್ಬರು ಮೇಷ್ಟ್ರು ಬಂದರು. ಭೇರ್ಯದ ಕಡೆಯವರು, ಇಪ್ಪತ್ತೆರಡರ ಪ್ರಾಯ, ಸ್ನಾನ ಮಾಡಿ ವಿಭೂತಿ ಧರಿಸದೆ ಒಂದು ಗುಟುಕು ನೀರೂ ಮುಟ್ಟದವರು. ಬಸವನ ಗುಡಿಗೆ ಅಂಟಿಕೊಂಡಿದ್ದ ಚಾವಡಿಯೇ ಶಾಲೆ. ಹದಿನಾಲ್ಕು ಮಕ್ಕಳು. ಸ್ಲೇಟು ಇನ್ನೂ ಬಂದಿರಲಿಲ್ಲವಾದ್ದರಿಂದ ಬಾಯಿಪಾಠ ಮಾತ್ರ ನಡೆಯುತ್ತಿತ್ತು.

ಶಾಲೆ ಖಾಯಂ ಆಗಿರಲಿಲ್ಲ. ಹಳ್ಳದಾಚೆ ಊರಿನವರು, ‘ನಾವು ಹೆಂಚಿನ ಕಟ್ಟಡ ಕೊಡ್ತೀವಿ, ಇಸ್ಕೂಲು ನಮಗೆ ಕೊಡಿ’ ಎಂದು ಮೇಲಿನವರ ಹತ್ತಿರ ಹೋಗಿದ್ದರು. ಕೊನೆಗೆ ಮೇಷ್ಟ್ರಿಗೆ ಒಂದು ಕಾಗದ ಬಂತು. ಬರುವ ಶನಿವಾರ ಇನ್ಸ್‌ಪೆಕ್ಟರು ಬರುತ್ತಾರೆ. ಮಕ್ಕಳು ತಮ್ಮ ಹೆಸರನ್ನು ತಾವೇ ಬರೆದು ತೋರಿಸಿದರೆ ಶಾಲೆ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಹಳ್ಳದಾಚೆಗೆ ಹೋಗುತ್ತದೆ. ಮಳೆಗಾಲದಲ್ಲಿ ಆ ಹಳ್ಳವನ್ನು ಎತ್ತುಗಳೇ ದಾಟುತ್ತಿರಲಿಲ್ಲ, ಇನ್ನು ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಅತ್ತೆಗೆ ಒಬ್ಬಳೇ ಮಗಳು, ಗೌರಿ. ತನಗೆ ಬಾರದ ಅಕ್ಷರ ಮಗಳಿಗಾದರೂ ಬರಲಿ ಎಂದು ಅತ್ತೆ ಹರಕೆ ಹೊತ್ತಿದ್ದರು.

ಆ ಕಾಗದದ ಜೊತೆಯಲ್ಲೇ ಹದಿನಾಲ್ಕು ಸ್ಲೇಟೂ ಬಂದವು. ಕೈಯಲ್ಲಿ ಒಂದು ವಾರ.

ಸೋಮವಾರ

ಶಿವನ ವಾರ. ಮೇಷ್ಟ್ರು ಸ್ಲೇಟುಗಳನ್ನು ಬಸವನ ಮುಂದೆ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ‘ಓಂ ನಮಃ ಶಿವಾಯ’ ಎಂದು ಬರೆದರು. ಕರ್ಪೂರ ಬೆಳಗಿದರು. ಮಕ್ಕಳು ಅದರ ಮೇಲೆ ಬಳಪ ತಿದ್ದಿದರು. ನೋಡಲು ಬಂದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪುರಿ ಬೆಲ್ಲ ಹಂಚಿದ್ದಾಯಿತು. ನನಗೆ ಎರಡು ಹಿಡಿ.

ಮಧ್ಯಾಹ್ನ ಮೇಷ್ಟ್ರು, ‘ಸರಿ, ಈಗ ಅಳಿಸಿ. ಅ ಆ ಬರೆಯೋಣ’ ಎಂದರು.

ಯಾರೂ ಅಳಿಸಲಿಲ್ಲ. ಸ್ಲೇಟು ಒರೆಸುವುದು ಅಂದರೆ ಉಗುಳು ಹಚ್ಚಿ ಅಂಗೈಯಲ್ಲಿ ಉಜ್ಜುವುದು, ಬೇರೆ ದಾರಿ ಕಂಡವರಿಲ್ಲ. ಗೌರಿ ಎದ್ದು ನಿಂತಳು. ‘ಸಿವನ್ನ ಎಂಜ್ಲಲ್ಲಿ ಒರಸಕ್ಕಾಯ್ತದಾ ಸಾ?’

ಮೇಷ್ಟ್ರು ಒಂದು ಚೊಂಬು ನೀರು ತರಿಸಿದರು. ‘ಒರಸಿದ್ ನೀರು ಕಾಲ್ಮೇಲೆ ಬೀಳ್ತದಲ್ಲ ಸಾ’ ಎಂದ ಹಿಂದಿನ ಸಾಲಿನವನು.

‘ಹೋಗಲಿ, ಸ್ಲೇಟು ಮಗುಚಿ ಹಿಂಬದಿಯಲ್ಲಿ ಬರೀರಿ.’

‘ತೊಡೆ ಮೇಲೆ ಸಿವ ಬೋರಲಾಗ್ತಾನೆ ಸಾ.’

ಮೇಷ್ಟ್ರಿಗೆ ಸಿಟ್ಟು ಬಂತು. ‘ಕೊಡಿಲ್ಲಿ’ ಎಂದು ಒಂದು ಸ್ಲೇಟು ಕಿತ್ತುಕೊಂಡು ಒರೆಸಲು ಕೈ ಎತ್ತಿದರು. ಎತ್ತಿದ ಕೈ ಅಕ್ಷರದ ಹತ್ತಿರ ಹೋಯಿತು, ಅಲ್ಲಿ ತುಸು ನಿಂತಿತು, ಆಮೇಲೆ ತಾನಾಗಿ ಅವರ ಕಣ್ಣಿಗೆ ಒತ್ತಿಕೊಂಡಿತು. ಶಾಲೆ ಬಿಟ್ಟಿತು ಎಂದರು.

ಮಂಗಳವಾರ

ಮಾರನೆಯ ಬೆಳಿಗ್ಗೆ ಹದಿನಾಲ್ಕು ಮಕ್ಕಳೂ ಬರಿಗೈಯಲ್ಲಿ ಬಂದೆವು.

‘ಸ್ಲೇಟೆಲ್ರೋ?’

‘ಪೂಜೆಗ್ ಕೂತದೆ ಸಾ.’

ಅದು ನಿಜ. ಮನೆಮನೆಯಲ್ಲೂ ಸ್ಲೇಟು ದೇವರ ಗೂಡು ಸೇರಿತ್ತು. ನಮ್ಮಜ್ಜಿ ಅದಕ್ಕೆ ಎರಡು ಕಣಗಿಲೆ ಹೂವನ್ನೂ ಏರಿಸಿದ್ದರು. ಮೇಷ್ಟ್ರು ಮನೆಮನೆ ಸುತ್ತಿ ಕೇಳಿದರು. ಮೊದಲನೆಯ ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಸ್ಲೇಟು ಕೊಡಲಿಲ್ಲ. ಎರಡನೆಯ ಮನೆಯಲ್ಲಿ ರೊಟ್ಟಿ ಬೆಣ್ಣೆ. ಮೂರನೆಯದು ನಮ್ಮ ಅತ್ತೆಯ ಮನೆ.

ಅತ್ತೆ ಹೇಳಿದರಂತೆ: ‘ಮಂಗಳವಾರ ಮನೆಯಿಂದ ಉಪ್ಪನ್ನೇ ಆಚೆಗೆ ಕೊಡಾಕಿಲ್ಲ, ದೇವರನ್ನ ಕೊಟ್ಟಾರಾ ಮೇಷ್ಟ್ರೇ? ಸುಕ್ರುವಾರವೂ ಅಂಗೇಯ. ಕುಂತ್ಕಳಿ, ಪಾಯಸ ಮಾಡೀನಿ.’

ಹದಿನಾಲ್ಕು ಮನೆ ಮುಗಿಯುವಾಗ ಮೇಷ್ಟ್ರಿಗೆ ಒಂದು ಸ್ಲೇಟೂ ಸಿಗಲಿಲ್ಲ. ಆದರೆ ಅವರ ಹೊಟ್ಟೆಯಲ್ಲಿ ಇನ್ನೊಂದು ಅಕ್ಷರಕ್ಕೂ ಜಾಗ ಇರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಬುಧವಾರ

ಸ್ಲೇಟಿನ ಆಸೆ ಬಿಟ್ಟು ಮೇಷ್ಟ್ರು ಹೊಳೆಯಿಂದ ಒಂದು ಗಾಡಿ ಮರಳು ತರಿಸಿದರು. ಚಾವಡಿಯ ತುಂಬ ಹರಡಿ, ‘ನಮ್ಮಪ್ಪ ಕಲಿತದ್ದೂ ಮರಳಿನ ಮೇಲೇ. ಬೆರಳಲ್ಲಿ ಬರೀರಿ’ ಎಂದರು. ತಾವು ಗೋಡೆಗೆ ಒರಗಿ ನಿಂತು, ಮಕ್ಕಳೆಲ್ಲ ತಮ್ಮ ಕಡೆ ಮುಖ ಮಾಡಿ, ಬರೆಯುತ್ತ ಬರೆಯುತ್ತ ಹಿಂದೆ ಹಿಂದೆ ಸರಿಯಬೇಕೆಂದು ಹೇಳಿದರು. ಹೇಳಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಹಿಂದಿನ ದಿನದ ಪಾಯಸದ ಭಾರ.

ಮಕ್ಕಳು ತಮಗೆ ಬರುತ್ತಿದ್ದುದನ್ನು ಬರೆದರು. ಬರುತ್ತಿದ್ದುದು ಒಂದೇ. ಸೋಮವಾರದ್ದು.

ಮೇಷ್ಟ್ರು ಕಣ್ಣು ಬಿಟ್ಟಾಗ ಗೋಡೆಯಿಂದ ಜಗಲಿಯ ಅಂಚಿನವರೆಗೂ ಶಿವ. ಕಾಲಿಡಲು ಒಂದಂಗುಲ ಜಾಗವಿಲ್ಲ. ನಾವೆಲ್ಲ ಸರಿಯುತ್ತ ಸರಿಯುತ್ತ ಬೀದಿಗೆ ಇಳಿದಿದ್ದೆವು. ಮೇಷ್ಟ್ರೊಬ್ಬರೇ ಗೋಡೆಗೆ ಅಂಟಿಕೊಂಡು, ಪಂಚೆ ಎತ್ತಿ ಹಿಡಿದು, ಒಂಟಿಕಾಲಲ್ಲಿ ನಿಂತಿದ್ದರು.

ಊರು ಸೇರಿತು. ಹಲಗೆ ಹಾಸೋಣ ಎಂದರೆ ಹಲಗೆಯೂ ಶಿವನ ಮೇಲೇ ಬೀಳಬೇಕು. ಪಟೇಲರು ಗಡ್ಡ ತುರಿಸಿಕೊಂಡು, ‘ಸಂಜೆ ಗಾಳಿ ಬೀಸೋಗಂಟ ಅಲ್ಲೇ ಇರಿ ಮೇಷ್ಟ್ರೇ. ವಾಯು ಅಳಿಸಿದ್ರೆ ನಮ್ಗೆ ದೋಸ ಬರಾಕಿಲ್ಲ’ ಎಂದರು.

‘ಸಂಜೆತನಕ ಒಂಟಿಕಾಲಲ್ಲಾ?’

‘ತಪಸ್ಸಾಯ್ತು ಅಂತ ತಿಳ್ಕಳಿ.’

ಮೇಷ್ಟ್ರು ಒಪ್ಪಲಿಲ್ಲ. ಬೆನ್ನ ಹಿಂದೆ ಸರಳಿಲ್ಲದ ಒಂದು ಸಣ್ಣ ಕಿಟಕಿ ಇತ್ತು. ಅದರಲ್ಲಿ ಮೊದಲು ತಲೆ, ಆಮೇಲೆ ಭುಜ, ಆಮೇಲೆ ಬಹಳ ಹೊತ್ತು ಹೊಟ್ಟೆ, ಹೀಗೆ ಕಂತುಕಂತಾಗಿ ತೂರಿ ಆಚೆ ಬಿದ್ದರು. ಆಚೆ ಇದ್ದದ್ದು ಪಟೇಲರ ತಿಪ್ಪೆ.

‘ಸಿವನ್ನ ತುಳೀಬಾರ್ದು ಅಂತ ತಿಪ್ಪೇಲಿ ಮುಳುಗಿದ ಸರಣರು ಯಾವ ಪುರಾಣದಲ್ಲೂ ಇಲ್ಲ ಕಣಪ್ಪ’ ಎಂದು ಅತ್ತೆ ಇದನ್ನು ಹೇಳುವಾಗಲೆಲ್ಲ ಕೈ ಮುಗಿಯುತ್ತಿದ್ದರು.

ಗುರುವಾರ

ಮಿಂದು ಮಡಿಯಾಗಿ ಮೇಷ್ಟ್ರು ಊರಿನ ಅಯ್ನೋರ ಹತ್ತಿರ ಹೋದರು. ಮದುವೆ, ಗೃಹಪ್ರವೇಶ, ಎತ್ತಿಗೆ ದೃಷ್ಟಿ ಆದದ್ದು, ಎಲ್ಲಕ್ಕೂ ಅವರೇ. ಅಯ್ನೋರು ಹೇಳಿದರು: ‘ಗಣಪತೀನ ತರ್ತೀವಿ, ಕೂರಿಸ್ತೀವಿ, ಕೊನೆಗೆ ಏನ್ಮಾಡ್ತೀವಿ? ಬುಡ್ತೀವಿ. ಹಂಗೇ ಇದನ್ನೂ ವಾದ್ಯದ ಸಮೇತ ಹೊಳೆಗೆ ತಗೊಂಡೋಗಿ ಮುಳುಗಿಸಿ ತೆಗೀರಿ. ಕಪಿಲೆ ತಾನೇ ಒಯ್ಕೊಳ್ತಾಳೆ.’

‘ಈಗಲೇ ಹೋಗೋಣ ಅಯ್ನೋರೇ.’

‘ಈಗ ರಾಹುಕಾಲ.’

‘ಮುಗಿದ ಮೇಲೆ?’

‘ವಾದ್ಯದೋರು ಗದ್ದೆಗೆ ಹೋಗ್ತಾರೆ.’

‘ನಾಳೆ?’

‘ಸುಕ್ರುವಾರ. ದೇವ್ರು ಮನೆ ಬುಡಾಂಗಿಲ್ಲ. ಶನಿವಾರ ಹೊತ್ಮೂಡುತ್ಲೂ ಪ್ರಶಸ್ತವಾಗಿ ಅದೆ.’

ಶನಿವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರು. ಮೇಷ್ಟ್ರು ಲೆಕ್ಕ ಹಾಕಿ ನೋಡಿದರು. ಹದಿನಾಲ್ಕು ಮಕ್ಕಳಿಗೆ ಹೆಸರು ಬರೆಯುವುದನ್ನು ಕಲಿಸಲು ಉಳಿದದ್ದು ಒಂದು ಶುಕ್ರವಾರ, ಅದೂ ಸ್ಲೇಟಿಲ್ಲದೆ.

ಶುಕ್ರವಾರ

ದೇವರು ಮನೆ ಬಿಡುವುದಿಲ್ಲವಾದರೆ ಶಾಲೆಯೇ ಮನೆಗೆ ಹೋಗಬೇಕು. ದಾರಿ ತೋರಿಸಿದ್ದು ನಮ್ಮ ಅತ್ತೆಯೇ. ಮೇಷ್ಟ್ರು ಬಾಗಿಲಲ್ಲಿ ಸಪ್ಪೆ ಮುಖ ಹಾಕಿ ನಿಂತಾಗ ಅತ್ತೆ ಮೊರದಲ್ಲಿ ರಾಗಿ ಹಿಟ್ಟು ಹರವಿಕೊಂಡು ಕೂತಿದ್ದರು. ‘ಇದ್ರಲ್ಲಿ ಬರ್ಸಿ. ಒರಸೋ ಪಂಚಾತಿಕೇನೇ ಇಲ್ಲ, ಮೊರ ಕೊಡವಿದ್ರಾಯ್ತು’ ಎಂದರು.

‘ದೇವರ ಹೆಸರು ಬಂದರೆ?’

‘ಬಂದ್ರೆ ಮುದ್ದೆ ಕಟ್ಟಿ ಉಣ್ತೀವಿ. ಪ್ರಸಾದ ಉಂಡ್ರೆ ದೋಸವಾ?’

ಇದಕ್ಕೆ ಅಯ್ನೋರೂ ತಲೆದೂಗಿದರು. ಆ ದಿನ ಹದಿನಾಲ್ಕು ಮನೆಯಲ್ಲೂ ಮೊರದ ತುಂಬ ಹಿಟ್ಟು. ಮೇಷ್ಟ್ರು ಓಡಾಡಿ ಓಡಾಡಿ ಒಬ್ಬೊಬ್ಬರ ಬೆರಳು ಹಿಡಿದು ಅವರವರ ಹೆಸರು ಬರೆಸಿದರು. ಸಂಜೆಗೆ ಹದಿಮೂರು ಮಕ್ಕಳಿಗೆ ಬಂತು. ಗೌರಿಯ ಪಕ್ಕ ಕೂತಿದ್ದ ಅತ್ತೆಗೂ ಬಂತು. ನನಗೆ ಬರಲಿಲ್ಲ. ನಮ್ಮ ಮನೆಯ ಮೊರದ ಪಕ್ಕದಲ್ಲಿ ಹುರಿಗಡಲೆ ಇಟ್ಟಿದ್ದರು.

ರಾತ್ರಿ ಮುದ್ದೆ ನುಂಗುವಾಗ ನಮ್ಮಜ್ಜ ಹೇಳಿದ್ದು ಇಷ್ಟೇ: ‘ಇಸ್ಕೂಲು ಬಂದ್ಮೇಲೆ ಮುದ್ದೇಲಿ ಮರಳು ಸಿಕ್ತಾ ಅದೆ.’

ಶನಿವಾರ

ಹೊತ್ತು ಮೂಡುವ ಮೊದಲೇ ತಮಟೆ ಬಡಿಯಿತು. ಹದಿನಾಲ್ಕು ಮಕ್ಕಳು ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡು ಮುಂದೆ, ಅಯ್ನೋರು ಮಂತ್ರ ಹೇಳುತ್ತ ಪಕ್ಕದಲ್ಲಿ, ಊರೆಲ್ಲ ಹಿಂದೆ. ಕಪಿಲೆಯಲ್ಲಿ ಮೂರು ಸಲ ಮುಳುಗಿಸಿ ತೆಗೆದರೆ ಸ್ಲೇಟು ಕಪ್ಪಗೆ ಹೊಳೆಯುತ್ತಿತ್ತು. ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು.

ಬುಧವಾರದ ಮರಳನ್ನು ಗಾಳಿ ಅಷ್ಟರಲ್ಲಿ ಸಪಾಟು ಮಾಡಿತ್ತು. ಚಾವಡಿಗೆ ಬಂದು ಕೂತ ಮಕ್ಕಳು ಸುಮ್ಮನಿರುತ್ತಾರೆಯೇ? ಹೊಸದಾಗಿ ಬಂದ ವಿದ್ಯೆ. ಇನ್ಸ್‌ಪೆಕ್ಟರು ಬರುವ ಮೊದಲೇ ಎಲ್ಲರೂ ಹೆಸರು ಬರೆದು ಮುಗಿಸಿದರು. ನನ್ನದನ್ನು ಗೌರಿ ಬರೆದುಕೊಟ್ಟಳು.

ಇನ್ಸ್‌ಪೆಕ್ಟರು ಅಂತರಸಂತೆಯಲ್ಲಿ ಬಸ್ಸಿಳಿದು, ಮೂರು ಮೈಲಿ ಬಿಸಿಲಲ್ಲಿ ನಡೆದು ಬಂದವರು. ಸ್ಲೇಟುಗಳನ್ನು ನೋಡಿ ನಕ್ಕರು. ‘ಮೇಷ್ಟ್ರೇ, ಅಕ್ಷರ ಚೆನ್ನಾಗಿದೆ. ಯಾರು ಬರೆದುಕೊಟ್ಟಿದ್ದು ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಎಲ್ಲಾರೂ ಅಳಿಸಿ. ನನ್ನ ಎದುರಿಗೆ ಬರೀರಿ.’

ಮಕ್ಕಳು ಸ್ಲೇಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

‘ಯಾಕೋ, ಅಳಿಸು. ನಿನ್ನ ಹೆಸರೇನು?’

‘ಮಾದೇವ ಸಾ.’

‘ನಿಂದು?’

‘ನಂಜುಂಡ ಸಾ.’

ಆಮೇಲೆ ಬಸವ, ಗೌರಿ, ಸಿದ್ದಲಿಂಗ, ಇಬ್ಬರು ಶಿವಣ್ಣಂದಿರು. ಸಾಲು ಮುಗಿಯುವಷ್ಟರಲ್ಲಿ ಕೈಲಾಸದಲ್ಲಿ ಯಾರೂ ಉಳಿದಿರಲಿಲ್ಲ. ಅಯ್ನೋರು ಮುಂದೆ ಬಂದು ವಿನಯದಿಂದ ವಿವರಿಸಿದರು: ‘ಹೊಳೆಗೇ ಹೋಗ್ಬೇಕು ಬುದ್ಧಿ. ವಾದ್ಯದೋರು ಈಗ ತಾನೇ ಊಟಕ್ಕೆ ಕುಂತವ್ರೆ.’

ಇನ್ಸ್‌ಪೆಕ್ಟರು ಹಣೆಯ ಬೆವರೊರೆಸಿಕೊಂಡರು. ‘ಈ ಊರಲ್ಲಿ ಮನುಷ್ಯರ ಹೆಸರಿನೋರು ಒಬ್ಬರೂ ಇಲ್ವೇನ್ರೀ?’

ಎಲ್ಲರೂ ನನ್ನನ್ನು ನೋಡಿದರು. ನನ್ನ ಹೆಸರು ಪುಟ್ಟ.

ಮೇಷ್ಟ್ರ ಮುಖ ಬಿಳಿಚಿಕೊಂಡದ್ದು ನನಗೆ ಕಾಣಲಿಲ್ಲ, ಅತ್ತೆಗೆ ಕಂಡಿತಂತೆ. ನಾನು ಠೀವಿಯಿಂದ ಎದ್ದು, ಧಾರಾಳವಾಗಿ ಉಗಿದು, ಅಂಗೈಯಲ್ಲಿ ಉಜ್ಜಿ, ಸ್ಲೇಟನ್ನು ಕನ್ನಡಿ ಮಾಡಿದೆ. ಒರೆಸುವುದು ಬಂತು. ಬರೆಯುವುದು ಬರಲಿಲ್ಲ.

‘ನೋಡಿದ್ರಾ?’ ಎಂದು ಇನ್ಸ್‌ಪೆಕ್ಟರು ಛತ್ರಿ ಎತ್ತಿಕೊಂಡರು. ಬಸ್ಸಿನ ಹೊತ್ತಾಗಿತ್ತು.

ಆಗ ಅತ್ತೆ ಕಂಬದ ಮರೆಯಿಂದ ಹೇಳಿದರು: ‘ಅಳಿಸೋದು ಯಾಕೆ ಬುದ್ಧಿ? ನಿಮ್ ಕೈಲಿರೋ ಕಾಗ್ದದಲ್ಲಿ ಬರ್ಸಿ ನೋಡಿ. ಬರ್ದಿಲ್ಲ ಅಂದ್ರೆ ಇಸ್ಕೂಲು ಹೊತ್ಕೊಂಡೋಗಿ.’

ಅವರ ಹತ್ತಿರ ಉಳಿದಿದ್ದದ್ದು ಒಂದೇ ಹಾಳೆ, ವರದಿಯದು. ‘ಈ ಗ್ರಾಮದಲ್ಲಿ ಶಾಲೆ ಮುಂದುವರಿಸುವ ಬಗ್ಗೆ’ ಎಂದು ತಲೆಬರಹ ಮಾತ್ರ ಬರೆದಿತ್ತು. ತುಸು ಯೋಚಿಸಿ, ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟರು. ಮಕ್ಕಳು ಒಬ್ಬರಾದ ಮೇಲೆ ಒಬ್ಬರು, ನಾಲಗೆ ಹೊರಚಾಚಿ, ಮೂಗು ಕಾಗದಕ್ಕೆ ತಾಗಿಸಿ ಬರೆದರು. ಮೊದಲ ಸಲ ಪೆನ್ಸಿಲು ಹಿಡಿದ ಕೈ, ಅಕ್ಷರ ಹಾವಿನಂತೆ ಹರಿದಾಡಿತು. ಆದರೂ ಹದಿಮೂರು ಹೆಸರೂ ಬಂದವು. ಕೊನೆಯಲ್ಲಿ ನನಗೂ ಕೊಟ್ಟರು. ನಾನು ‘ಪು’ ಬರೆದು, ಉಳಿದದ್ದನ್ನು ನೆನಪು ಮಾಡಿಕೊಳ್ಳುತ್ತ ನಿಂತೆ.

ಇನ್ಸ್‌ಪೆಕ್ಟರು ಹಾಳೆ ತೆಗೆದುಕೊಂಡು ನೋಡಿದರು. ತಮ್ಮ ಅಭಿಪ್ರಾಯ ಬರೆಯಲು ಒಂದು ಸಾಲಿನ ಜಾಗವೂ ಇಲ್ಲ. ಪೆನ್ಸಿಲಿನ ತುದಿಯ ರಬ್ಬರು ನೋಡಿದರು. ಸುತ್ತ ನಿಂತಿದ್ದ ಊರನ್ನು ನೋಡಿದರು. ಮೂಲೆಯಲ್ಲಿ ಚಿಕ್ಕದಾಗಿ ರುಜು ಹಾಕಿ, ಪೆನ್ಸಿಲನ್ನು ಜೇಬಿಗಿಟ್ಟುಕೊಂಡು, ಬಸ್ಸಿಗೆ ಹೊರಟುಹೋದರು.

ಒಂದು ತಿಂಗಳು ಮೇಷ್ಟ್ರು ಸರಿಯಾಗಿ ಉಣ್ಣಲಿಲ್ಲ. ಅತ್ತೆ ದಿನಾ ಬಸವನಿಗೆ ದೀಪ ಹಚ್ಚಿದರು. ಕಡೆಗೆ ಮೇಲಿನ ಕಚೇರಿಯಿಂದ ಕಾಗದ ಬಂತು. ಚಾವಡಿಯಲ್ಲಿ ಊರೆಲ್ಲ ಸೇರಿದಾಗ ಮೇಷ್ಟ್ರು ಓದಿದರು:

‘ಸದರಿ ಗ್ರಾಮದ ಹದಿನಾಲ್ಕು ಮಂದಿ ವಯೋವೃದ್ಧರು ಶಾಲೆಗಾಗಿ ನಡುಗುವ ಕೈಗಳಿಂದ ಸಹಿ ಮಾಡಿ ಅರ್ಜಿ ಸಲ್ಲಿಸಿರುತ್ತಾರೆ. ಅವರಲ್ಲಿ ಒಬ್ಬರಂತೂ ಸಹಿ ಪೂರ್ತಿ ಮಾಡುವಷ್ಟೂ ಶಕ್ತಿಯಿಲ್ಲದ ಸ್ಥಿತಿಯಲ್ಲಿರುವುದು ಕಂಡುಬಂದಿದೆ. ಈ ಹಿರಿಯರ ಕಣ್ಣೆದುರಿಗೇ ಶಾಲೆ ನೆಲೆಗೊಳ್ಳಲಿ ಎಂಬ ಉದ್ದೇಶದಿಂದ ತಡಮಾಡದೆ ಖಾಯಂ ಮಾಡಲಾಗಿದೆ.’

ಪಟೇಲರು ನನ್ನ ಕಡೆ ತಿರುಗಿ, ‘ಇನ್ನೊಂದೆರಡು ದಿನ ಜೀವ ಹಿಡ್ಕಂಡಿರು ಕಣ್ಲಾ ಪುಟ್ಟಾ’ ಎಂದರು.

ಹಿಡಿದುಕೊಂಡೇ ಇದ್ದೇನೆ, ಶಿವನ ದಯ. ಓದಿದವರು ಇದನ್ನು ನಿಮ್ಮ ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಮಗುವಿಗೆ ಒಮ್ಮೆ ಹೇಳಿ. ಹೇಳುವಾಗ ಏನು ಬಿಟ್ಟರೂ ಬಿಡಿ, ಪಾರ್ವತಮ್ಮ ಹೇಳಿದ್ದು ಅನ್ನುವುದನ್ನು ಮಾತ್ರ ಬಿಡಬೇಡಿ.