ಮನೆಮಗನ ಸುಟ್ಟ ಕೈ

ಬಿಸಿ ತಟ್ಟೆ ಹಿಡಿಯುವ ಬಟ್ಟೆಯನ್ನು ಬೇಕರಿ ನಡೆಸುವ ದೊಡ್ಡಪ್ಪ ಸೌಲೋ ಬೆವರು ಒರೆಸಿಕೊಳ್ಳಲೆಂದು ಕೊರಳಿಗೆ ಸುತ್ತಿಕೊಂಡಿದ್ದ. ಬನ್ನು ಸೀದುಹೋದೀತೆಂದು ತಮ್ಮನ ಮಗ ಸೆಫೋ ಬರಿಗೈಯಲ್ಲೇ ತಟ್ಟೆ ಎಳೆದ. ಅಂಗೈ ಸುಟ್ಟಿತು, ಬನ್ನೆಲ್ಲ ನೆಲಕ್ಕೆ ಬಿತ್ತು. ದೊಡ್ಡಪ್ಪ ಮೊದಲು ಓಡಿದ್ದು ಬನ್ನಿನ ಕಡೆಗೆ.

ದ್ವೀಪದ ಅಪಿಯಾ ಪಟ್ಟಣದ ಆಸ್ಪತ್ರೆಯ ನರ್ಸಮ್ಮ ಕೈಗೆ ಪಟ್ಟಿ ಕಟ್ಟಿ, "ಒಂದು ತಿಂಗಳು ಒಲೆ ಕಡೆ ತಲೆ ಹಾಕ್ಬೇಡ. ಅಲ್ಲೀವರೆಗೆ ಕಾರ್ಮಿಕರ ಪರಿಹಾರ ಬರುತ್ತಲ್ಲ," ಎಂದಳು. ಸೆಫೋ ಖುಷಿಯಿಂದ ಪರಿಹಾರದ ಕಚೇರಿಗೆ ಹೋದ. ಅಧಿಕಾರಿ ಕಡತದಲ್ಲಿ ಅವನ ಹೆಸರು ಹುಡುಕಿ ಹುಡುಕಿ ಸುಸ್ತಾದರು.

"ನೀವು ಎಲ್ಲೂ ಕೆಲಸಕ್ಕೇ ಇಲ್ವಲ್ಲಪ್ಪ!"

"ಮೀಸೆ ಬರೋಕೆ ಮುಂಚಿಂದ ಬನ್ ಬೇಯಿಸ್ತಿದೀನಿ ಸಾರ್!"

"ಮಾಲೀಕರು ನೋಂದಾಯಿಸಿಲ್ಲ. ಸಂಜೆ ಬಂದು ವಿಚಾರಿಸ್ತೀನಿ."

ಸುದ್ದಿ ಕೇಳಿದ ದೊಡ್ಡಪ್ಪ ಎದೆ ಬಡಿದುಕೊಂಡ. "ನೋಂದಣಿ ಎಲ್ಲ ಕೂಲಿಯವರಿಗೆ ಕಣೋ! ನೀನು ಮನೆಮಗ!"

"ಮನೆಮಗನಿಗೆ ಹೊಟ್ಟೆ ಇರಲ್ವಾ ದೊಡ್ಡಪ್ಪಾ?"

"ಹಾಗೆ ಕೇಳು!" ಎಂದಳು ಪಕ್ಕದ ಮನೆಯ ಫಿಲೋಮೆನಾ. ಆಕೆಯ ಕಿವಿ ಯಾವತ್ತೂ ಬೇಲಿಯ ಈಚೆಗೇ ಇರುತ್ತಿತ್ತು. ಬೇಕರಿಯಲ್ಲಿ ದುಡಿಯುವ ಉಳಿದ ಮನೆಮಕ್ಕಳೂ, ಅಂದರೆ ಸೆಫೋನ ದಾಯಾದಿಗಳೂ, ತಲೆಯಾಡಿಸಿದರು. ದೊಡ್ಡಪ್ಪ ಎದ್ದು ಹೊರಟುಹೋದ. ಪಾಪ, ಮುದುಕನ ಮನಸ್ಸು ನೋಯಿಸಿದೆನಲ್ಲ ಎಂದು ಸೆಫೋನಿಗೆ ನಿಜವಾಗಿ ಸಂಕಟವಾಯಿತು.

ಮಧ್ಯಾಹ್ನ ನೋಡಿದರೆ ಅಂಗಳದಲ್ಲಿ ಹಂದಿ ಬೇಯುತ್ತಿದೆ, ಚಾಪೆ ಹಾಸಿದೆ, ಕುಲದ ಹಿರಿಯರೆಲ್ಲ ಶುಭಕಾರ್ಯಕ್ಕೆ ಕುಡಿಯುವ ಆವಾ ಪಾನೀಯದ ಬೋಗುಣಿಯ ಸುತ್ತ ಕೂತಿದ್ದಾರೆ. ದೊಡ್ಡಪ್ಪ ಸೆಫೋನ ಕೊರಳಿಗೆ ಹಾರ ಹಾಕಿದ.

"ನಂಗೆ ವಯಸ್ಸಾಯ್ತು. ಇವತ್ತಿಂದ ನಮ್ಮ ಕುಲದ ಮತಾಯಿ ಇವನೇ. ಭೂಮಿ, ಮನೆ, ಒಲೆ, ಎಲ್ಲಕ್ಕೂ ಇವನೇ ಯಜಮಾನ!"

ಫಿಲೋಮೆನಾ ಕಣ್ಣೊರೆಸಿಕೊಂಡಳು. ನಿನ್ನೆಯವರೆಗೆ ಚೀಲ ಹೊತ್ತವನಿಗೆ ಈಗ ಪಟ್ಟ! ಮೊದಲ ಬಟ್ಟಲು ಆವಾ ಕುಡಿದ ಸೆಫೋ ಹಬ್ಬದ ಹಿಟ್ಟಿನಂತೆ ಉಬ್ಬಿಹೋದ. ಕೈ ಉರಿಯೂ ಮರೆತುಹೋಯಿತು.

ಸಂಜೆಯಾಗುತ್ತಲೇ ಅಧಿಕಾರಿ ಬಂದರು. "ಈ ಬೇಕರಿ ಮಾಲೀಕರು ಯಾರು?"

"ಕುಲದ ಆಸ್ತಿ ಸಾರ್, ಮತಾಯಿದೇ ಒಡೆತನ," ಎಂದ ದೊಡ್ಡಪ್ಪ ವಿನಯದಿಂದ. ಎಲ್ಲರ ಕಣ್ಣೂ ಹಾರದ ಮೇಲೆ ನೆಟ್ಟಿತು.

ಅಧಿಕಾರಿ ಸೆಫೋನನ್ನು ಗುರುತಿಸಿ ಹುಬ್ಬೇರಿಸಿದರು. "ಮಾಲೀಕರೇ ಅಂತ ಬೆಳಿಗ್ಗೆ ಹೇಳ್ಬಾರದಿತ್ತಾ? ಕಾರ್ಮಿಕರ ಪರಿಹಾರ ನಿಮಗೆ ಸಿಗಲ್ಲ. ಬದಲಿಗೆ ಕೆಲಸದವರ ಪರಿಹಾರ ನಿಧಿಯ ಕಂತನ್ನ ನೀವೇ ಕಟ್ಬೇಕು. ಎಲ್ಲಿ, ಯಾರ್ಯಾರು ಕೆಲಸದವರು?"

ಬೆಳಿಗ್ಗೆವರೆಗೂ ಮನೆಮಕ್ಕಳಾಗಿದ್ದವರೆಲ್ಲ ಧಡಧಡ ಎದ್ದು ಸಾಲು ನಿಂತರು. ಸಾಲಿನ ಮುಂದೆ ದೊಡ್ಡಪ್ಪ ತಲೆ ಬಗ್ಗಿಸಿ ನಿಂತಿದ್ದ.

"ನನ್ನ ಹೆಸರು ಮೊದಲು ಬರ್ಕೊಳ್ಳಿ ಸಾರ್. ಜೀವಮಾನ ಪೂರ್ತಿ ಇಲ್ಲೇ ಹಿಟ್ಟು ನಾದಿದೀನಿ. ಈ ಯಜಮಾನ್ರು ನನಗಿನ್ನೂ ಒಂದು ಕಂತೂ ಕಟ್ಟಿಲ್ಲ!"