ಪ್ರಗತಿ ತೃಪ್ತಿಕರವಾಗಿಲ್ಲ

ಸ್ಕಾಲರ್‌ಶಿಪ್ ಕಿಟಕಿಯ ಹಿಂದೆ ಕೂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಮೂರು ಸೆಟ್ ಜೆರಾಕ್ಸ್ ಹಿಡಿದುಕೊಂಡು ಸಾಲಿನಲ್ಲಿ ಬಂದು ನಿಲ್ಲುತ್ತದೆ. ಆದರೆ ನನಗೆ ನಗು ಬರುವುದು ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆ. ಕಿಟಕಿಯಲ್ಲಿ ಇರುವಷ್ಟು ಹೊತ್ತು ಬರುವುದು ಸಿಟ್ಟು ಒಂದೇ.

ನಾನು ಕಾಲೇಜಿನ ಗುಮಾಸ್ತೆ. ಮೊದಲು ಸೊರಬದಲ್ಲಿದ್ದೆ, ಆಮೇಲೆ ವರ್ಗವಾಗಿ ಶಿಕಾರಿಪುರಕ್ಕೆ ಬಂದೆ. ಕಾಲೇಜು ಬದಲಾಯಿತು, ಕುರ್ಚಿ ಬದಲಾಯಿತು, ಕೆಲಸ ಮಾತ್ರ ಅದೇ ಉಳಿಯಿತು. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ನೋಡುವುದು. ಮೊದಲ ವರ್ಷ ಅದು ಸಿಗುವುದು ದೊಡ್ಡದಲ್ಲ, ಎರಡನೇ ವರ್ಷ ಉಳಿಸಿಕೊಳ್ಳುವುದು ದೊಡ್ಡದು. ಹಿಂದಿನ ವರ್ಷದ ಎಲ್ಲ ವಿಷಯ ಪಾಸಾಗಿರಬೇಕು, ನೂರಕ್ಕೆ ಎಪ್ಪತ್ತೈದು ಹಾಜರಿ ಇರಬೇಕು. ಎಲ್ಲಾದರೂ ಹೆಚ್ಚುಕಡಿಮೆಯಾದರೆ ಪೋರ್ಟಲ್ಲಿನಲ್ಲಿ ಕೆಂಪು ಅಕ್ಷರದ ಒಂದು ಸಾಲು ಏಳುತ್ತದೆ: 'ಪ್ರಗತಿ ತೃಪ್ತಿಕರವಾಗಿಲ್ಲ.'

ನಿಯಮ ತಪ್ಪು ಅಂತ ನಾನು ಹೇಳುವವಳಲ್ಲ. ಸರ್ಕಾರದ ನೆರವು ತಗೊಂಡವರು ಓದಲಿ, ಓದಲೇಬೇಕು. ಆದರೆ ಆ ಕೆಂಪು ಸಾಲು ಯಾರ್ಯಾರ ತಲೆಯ ಮೇಲೆ ಬೀಳುತ್ತದೆ ಅಂತ ಕೂತು ನೋಡಿದರೆ ಮೈಯೆಲ್ಲ ಉರಿಯುತ್ತದೆ.

ನೂರು ತಗೊಂಡ ತಪ್ಪು

ಸೊರಬದಲ್ಲಿದ್ದಾಗಿನ ಮಾತು. ಹೊಸಬಾಳೆಯಿಂದ ಬರುತ್ತಿದ್ದ ಹುಡುಗಿ, ಬಿ.ಕಾಂ. ಮೊದಲ ವರ್ಷದಲ್ಲಿ ಲೆಕ್ಕಶಾಸ್ತ್ರಕ್ಕೆ ನೂರಕ್ಕೆ ನೂರು ತಗೊಂಡಳು. ಅವಳಿಗೆ ಪಾಠ ಮಾಡಿದ ಮೇಷ್ಟ್ರು ಸ್ವಂತ ಖರ್ಚಿನಲ್ಲಿ ಸ್ಟಾಫ್ ರೂಮಿಗೆಲ್ಲ ಪೇಡ ಹಂಚಿದ್ದರು. ನಾನೂ ಎರಡು ತಿಂದಿದ್ದೆ.

ಆ ಹುಡುಗಿಯ ನವೀಕರಣದ ಅರ್ಜಿ ತುಂಬಿ ಗುಂಡಿ ಒತ್ತಿದೆ. ಕೆಂಪು ಸಾಲು! ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮತ್ತೆ ಮೇಲಿಂದ ನೋಡುತ್ತಾ ಬಂದೆ. ಲೆಕ್ಕಶಾಸ್ತ್ರದ ಮುಂದೆ ಹತ್ತು ಅಂತಿದೆ. ನೂರು ಹೊಡೆದರೆ ಆ ಚೌಕ ಎರಡು ಅಂಕಿ ತಗೊಂಡು ಕೊನೆಯ ಸೊನ್ನೆಯನ್ನು ನುಂಗುತ್ತಿತ್ತು. ಸಹಾಯವಾಣಿಗೆ ಫೋನ್ ಮಾಡಿದೆ.

"ಹೌದು ಮೇಡಂ, ಆ ಜಾಗ ಎರಡೇ ಅಂಕಿ ತಗೊಳ್ಳುತ್ತೆ."

"ನೂರು ಬಂದವರು ಏನು ಮಾಡಬೇಕು?"

"ಯಾರಿಗೂ ಬರಲ್ಲ ಅಂತ ಹಾಗೆ ಮಾಡಿರ್ತಾರೆ ಮೇಡಂ."

"ಇಲ್ಲಿ ಬಂದಿದೆಯಲ್ರೀ! ನನ್ನ ಎದುರಿಗೇ ನಿಂತಿದ್ದಾಳೆ!"

ಆ ಕಡೆ ಪಕ್ಕದವರನ್ನು ಏನೋ ಕೇಳಿದ ಸದ್ದು. ಆಮೇಲೆ, "ತೊಂಬತ್ತೊಂಬತ್ತು ಅಂತ ಹಾಕಿಬಿಡಿ ಮೇಡಂ. ಒಂದು ಮಾರ್ಕಿಗೆ ಯಾರು ಕೇಳ್ತಾರೆ?"

ಕೇಳುವವಳು ಕಿಟಕಿಯ ಆಚೆಯೇ ಇದ್ದಳು. "ಎಂತಕ್ಕೆ ಮೇಡಂ ನನ್ನ ಮಾರ್ಕು ಬಿಡಬೇಕು? ಕಷ್ಟಪಟ್ಟು ತಗೊಂಡಿದ್ದಲ್ಲನಾ?" ಅಂದಳು. ನನಗೂ ಹೌದು ಅನ್ನಿಸಿತು. ಆದರೆ ಕೊನೆಯ ದಿನಾಂಕ ಹತ್ತಿರವಿತ್ತು. ಅವಳನ್ನು ಒಪ್ಪಿಸಿ, ಮನಸ್ಸಿಲ್ಲದ ಮನಸ್ಸಿನಿಂದ ತೊಂಬತ್ತೊಂಬತ್ತು ಹಾಕಿದೆ. ಎಂಟು ದಿನ ಬಿಟ್ಟು ಪರಿಶೀಲನೆಯಿಂದ ಅರ್ಜಿ ವಾಪಸ್ ಬಂತು: 'ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗುವುದಿಲ್ಲ.'

ಕೊನೆಗೆ ಹುಡುಗಿಯನ್ನೂ ಅಂಕಪಟ್ಟಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ಜಿಲ್ಲಾ ಕಚೇರಿಗೇ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. ನಾನು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿ, ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಲಾಗಿನ್ನಿನಿಂದ ಸರಿಮಾಡಿ ಕೊಟ್ಟರು. ನಾವು ಕೈಮುಗಿದು ಏಳುವಾಗ ಹುಡುಗಿಯ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದರು:

"ಮುಂದಿನ ವರ್ಷ ಸ್ವಲ್ಪ ನೋಡಿಕೊಂಡು ಓದಮ್ಮ."

ಹಾಜರಿ ಎಲ್ಲಿ ಹೋಯಿತು

ಅದೇ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿ. ಬಾಯಿಲ್ಲದ ಪ್ರಾಣಿ. ಕ್ಲಾಸು ತಪ್ಪಿಸಿ ಸಿನಿಮಾಕ್ಕೆ ಹೋಗುವ ಪೈಕಿ ಅಲ್ಲವೇ ಅಲ್ಲ. ಆದರೂ ಹಾಜರಿ ಎಪ್ಪತ್ತೈದಕ್ಕೆ ಸ್ವಲ್ಪ ಕಡಿಮೆ ಬಿದ್ದಿತ್ತು.

"ಎಲ್ಲಿಗೆ ಹೋಗಿದ್ದೆಯೋ ಮಾರಾಯ?" ಅಂದೆ.

ಒಂದು ಹಳೆಯ ನೋಟ್ ಬುಕ್ಕು ತೆಗೆದು ತೋರಿಸಿದ. ಎಲ್ಲ ಬರೆದಿಟ್ಟಿದ್ದ. ಆದಾಯ ಪ್ರಮಾಣಪತ್ರಕ್ಕೆ ಒಂದು ದಿನ, ಸರ್ವರ್ ಇಲ್ಲ. ಅದಕ್ಕೇ ಇನ್ನೊಂದು ದಿನ, ಸರ್ವರ್ ಇದೆ, ಸಾಹೇಬರಿಲ್ಲ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಲಿಕ್ಕೆ ಎರಡು ದಿನ. ಆಧಾರಿನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ. ಅದನ್ನು ಸರಿಮಾಡಿಸಲಿಕ್ಕೆ ಮೂರು ದಿನ. ಹೀಗೇ ಪುಟ ತುಂಬಿತ್ತು. ಸ್ಕಾಲರ್‌ಶಿಪ್ಪಿನ ಕಾಗದ ತರಲಿಕ್ಕೆ ಹೋಗಿ ಹೋಗಿಯೇ ಸ್ಕಾಲರ್‌ಶಿಪ್ಪಿಗೆ ಬೇಕಾದ ಹಾಜರಿ ಕಳೆದುಕೊಂಡಿದ್ದ!

ನನಗೆ ರೋಷ ಬಂತು. ನೋಟ್ ಬುಕ್ಕನ್ನೇ ಹಿಡಿದು ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ. ಕೊರತೆ ಮನ್ನಾ ಮಾಡುವ ಅಧಿಕಾರ ಅವರಿಗಿತ್ತು. ಆದರೆ ಅವರು ಶಿಸ್ತಿನ ಮನುಷ್ಯ.

"ಬರೆದುಕೊಂಡರೆ ಆಗುತ್ತದೇನ್ರೀ? ಆಯಾ ದಿನ ಆಯಾ ಕಡೆ ಹೋಗಿದ್ದ ಅಂತ ಪುರಾವೆ ಬೇಕು. ಅವರ ಹತ್ತಿರ ಬರೆಸಿಕೊಂಡು ಬರಲಿ."

"ಅದಕ್ಕೆ ಮತ್ತೆ ಕ್ಲಾಸು ಬಿಟ್ಟು ಹೋಗಬೇಕಲ್ಲ ಸರ್?"

"ನಿಯಮ ಅಂದರೆ ನಿಯಮ."

ಪಾಪ, ಹೋದ. ಸೋಮವಾರ ಕಾಣಲಿಲ್ಲ, ಮಂಗಳವಾರ ಕಾಣಲಿಲ್ಲ, ಬುಧವಾರವೂ ಇಲ್ಲ. ಗುರುವಾರ ಬಂದು ಒಂದೇ ಒಂದು ಕಾಗದ ಕೊಟ್ಟ. ಬ್ಯಾಂಕಿನದು. ಸೀಲು, ಸಹಿ ಎಲ್ಲ ಸರಿಯಾಗಿತ್ತು. ನಾನೇ ಅದನ್ನು ಪ್ರಾಂಶುಪಾಲರ ಮುಂದೆ ಗಟ್ಟಿಯಾಗಿ ಓದಿದೆ: 'ಸದರಿ ವಿದ್ಯಾರ್ಥಿಯು ಹಿಂದೆ ನಮ್ಮ ಶಾಖೆಗೆ ಬಂದಿದ್ದ ಬಗ್ಗೆ ನಮ್ಮಲ್ಲಿ ಯಾವುದೇ ದಾಖಲೆ ಇರುವುದಿಲ್ಲ. ಆದರೆ ಹಾಗೆ ಬಂದಿದ್ದರು ಎಂಬ ಪತ್ರವನ್ನು ಕೇಳಿಕೊಂಡು ಈ ದಿನ ಬಂದಿದ್ದರೆಂದು ದೃಢೀಕರಿಸಲಾಗಿದೆ.'

ಪ್ರಾಂಶುಪಾಲರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಮನ್ನಾ ಅರ್ಜಿ ಇಲ್ಲಿ ಕೊಡಿ" ಅಂದು ಸಹಿ ಹಾಕಿದರು. ಹಾಕುತ್ತಾ ಗೊಣಗಿದರು: "ಇನ್ನೊಂದು ಪುರಾವೆ ತರಲಿಕ್ಕೆ ಕಳಿಸಿದರೆ ಇವನ ಡಿಗ್ರಿಯೇ ಮುಗಿಯುವುದಿಲ್ಲ."

ಪೋಷಕರನ್ನು ಕರೆದುಕೊಂಡು ಬಾ

ಶಿಕಾರಿಪುರಕ್ಕೆ ಬಂದ ವರ್ಷವೇ ನೋಡಿದ್ದು ಇದು. ಅಂಬ್ಲಿಗೊಳ ಜಲಾಶಯದ ನೀರು ಹಾಯುವ ಕಡೆಯ ಒಂದು ಹಳ್ಳಿಯಿಂದ ತಾಯಿ, ಮಗಳು ಇಬ್ಬರೂ ಒಂದೇ ಕ್ಲಾಸಿಗೆ ಸೇರಿದ್ದರು. ತಾಯಿ ಪಿಯುಸಿ ಮುಗಿಸಿ ಮದುವೆಯಾಗಿ, ಇಪ್ಪತ್ತು ವರ್ಷ ಗದ್ದೆ ಮನೆ ನೋಡಿ, ಮಗಳು ಕಾಲೇಜಿಗೆ ಹೊರಟಾಗ ತಾನೂ ಚೀಲ ಹಾಕಿಕೊಂಡು ಹೊರಟಾಕೆ. ಮಗಳು ಹಿಂದಿನ ಬೆಂಚು, ತಾಯಿ ಮೊದಲನೇ ಬೆಂಚು. ಬಸ್ಸಿನಲ್ಲಿ ಮಾತ್ರ ಜೊತೆಗೆ ಕೂರುತ್ತಿದ್ದರಂತೆ.

ಮೊದಲ ಕಿರುಪರೀಕ್ಷೆಯಲ್ಲಿ ತಾಯಿ ಎಲ್ಲದರಲ್ಲೂ ಪಾಸು. ಮಗಳು ಎರಡರಲ್ಲಿ ಡುಮ್ಕಿ. ಹೀಗೇ ಆದರೆ ಮುಂದಿನ ವರ್ಷ ಸ್ಕಾಲರ್‌ಶಿಪ್ ನಿಲ್ಲುತ್ತದೆ ಅಂತ ಪೋಷಕರ ಸಭೆ ಕರೆದರು. ಆ ತರಗತಿಗೆ ಹೊಸದಾಗಿ ಬಂದಿದ್ದ ಅರ್ಥಶಾಸ್ತ್ರದ ಮೇಷ್ಟ್ರಿಗೆ ಇವರ ವಿಷಯ ಗೊತ್ತಿರಲಿಲ್ಲ.

"ಏಯ್, ನಾಳೆ ನಿಮ್ಮ ತಾಯೀನ ಕರಕೊಂಡು ಬರಬೇಕು. ಇಲ್ಲದಿದ್ದರೆ ಕ್ಲಾಸಿಗೇ ಸೇರಿಸಲ್ಲ" ಅಂದರು.

ಹುಡುಗಿ ಎದ್ದು ನಿಂತು, "ಬಂದಾರ್ರಿ ಸರ್" ಅಂದಳು.

"ಎಲ್ಲಿ?"

"ನಿಮ್ಮ ಮುಂದ ನೋಟ್ಸ್ ಬರೀತಿದಾರಲ್ರಿ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ತಮಾಷೆ ಮಾಡುತ್ತಿದ್ದಾಳೆ ಅಂತ ಮೇಷ್ಟ್ರು ಅವಳನ್ನು ಹೊರಗೆ ಹಾಕಿದರು. ತಾಯಿ ಎದ್ದು, "ಸರ್, ಹೌದ್ರಿ, ನನ್ನ ಮಗಳ್ರಿ" ಅಂದರೆ, "ನೀವೂ ಸೇರಿಕೊಂಡ್ರಾ?" ಅಂತ ಆಕೆಯನ್ನೂ ಹೊರಗೆ ಹಾಕಿದರು. ಇಬ್ಬರೂ ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ಮಗಳಿಗೆ ನಗು, ತಾಯಿಯ ಕಣ್ಣಲ್ಲಿ ನೀರು. ನಾನು ದಾಖಲಾತಿ ಪುಸ್ತಕ ಹಿಡಿದುಕೊಂಡು ಹೋಗಿ ಮೇಷ್ಟ್ರಿಗೆ ತೋರಿಸಿದ ಮೇಲೆ ಅವರು ಬಿಳಿಚಿಕೊಂಡು ಕ್ಷಮೆ ಕೇಳಿದರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಹನ್ನೊಂದು ಗಂಟೆಗೆ ಪೋಷಕರ ಸಭೆ, ಹನ್ನೊಂದು ಗಂಟೆಗೇ ಕ್ಲಾಸು. ತಾಯಿ ನಿಯಮದ ಪ್ರಕಾರ ಸಭೆಗೆ ಹೋಗಿ ಕೂತು, ಮಗಳ ಪ್ರಗತಿ ಬಗ್ಗೆ ಬೈಸಿಕೊಂಡು, ಸಹಿ ಹಾಕಿ ಬಂದಳು. ಅದೇ ಹೊತ್ತಿಗೆ ಕ್ಲಾಸಿನಲ್ಲಿ ಗೈರುಹಾಜರಿ ಬಿತ್ತು. ತಿಂಗಳ ಕೊನೆಗೆ ತಾಯಿಯ ಹೆಸರಿನಲ್ಲೂ ಮನೆಗೆ ಒಂದು ನೋಟಿಸು ಹೋಯಿತು: ತಿಳಿಸದೆ ಗೈರುಹಾಜರಿ, ಪೋಷಕರು ಬಂದು ಭೇಟಿಯಾಗಬೇಕು.

ಆಕೆಯ ತಂದೆ ತೀರಿಕೊಂಡಿದ್ದರು, ಗಂಡನಿಗೆ ಗದ್ದೆ ಕೆಲಸ. ಎಪ್ಪತ್ತು ದಾಟಿದ ಮಾವ ಬಂದರು, ಗಂಜಿ ಹಾಕಿದ ಪಂಚೆ ಉಟ್ಟುಕೊಂಡು. ಸೊಸೆಯನ್ನು ಒಮ್ಮೆ, ಮೊಮ್ಮಗಳನ್ನು ಒಮ್ಮೆ ನೋಡಿ ನನ್ನನ್ನು ಕೇಳಿದರು: "ಇದರಾಗ ಯಾರನ್ನ ಬೈಬೇಕು ಹೇಳ್ರಿ. ಬೈದು ಮೂರು ಗಂಟೆ ಬಸ್ಸಿಗೆ ಹೋಗಬೇಕು."

ಕಾರಣ ಮತ್ತು ಪುರಾವೆ

ಒಂದು ವಿಷಯ ಫೇಲಾದರೂ ಸ್ಕಾಲರ್‌ಶಿಪ್ ಉಳಿಸಿಕೊಳ್ಳಲಿಕ್ಕೆ ಒಂದು ಸಣ್ಣ ಬಾಗಿಲಿತ್ತು. ವಿದ್ಯಾರ್ಥಿ ತನ್ನ ಕೈಮೀರಿದ ಕಾರಣ ಏನೆಂದು ಬರೆದುಕೊಡಬೇಕು. ಕಾಲೇಜಿನ ಸಮಿತಿಗೆ ಒಪ್ಪಿಗೆಯಾದರೆ ಶಿಫಾರಸು. ಸಮಿತಿಯಲ್ಲಿ ಶಿಕಾರಿಪುರದ ಕಾಲೇಜಿನ ಪ್ರಾಂಶುಪಾಲೆ, ಇಂಗ್ಲಿಷಿನ ಮೇಷ್ಟ್ರು, ಬರೆದುಕೊಳ್ಳಲಿಕ್ಕೆ ನಾನು.

ಆ ವರ್ಷ ಎರಡು ಅರ್ಜಿ ಬಂದವು. ಒಂದು, ಒಬ್ಬ ಹುಡುಗಿಯದು. ಎರಡೇ ವಾಕ್ಯ: 'ನಾನು ಸರಿಯಾಗಿ ಓದಲಿಲ್ಲ. ಈಗ ಓದುತ್ತಿದ್ದೇನೆ.'

ಇಂಗ್ಲಿಷಿನ ಮೇಷ್ಟ್ರು ಕಾಗದವನ್ನು ಮೇಜಿನ ಮೇಲೆ ಬಿಸಾಕಿದರು. "ಇದೊಂದು ಕಾರಣಾನಾ? ಎಷ್ಟು ಧೈರ್ಯ! ತಿರಸ್ಕೃತ ಅಂತ ಬರೀರಿ."

"ನಿಜ ಬರೆದಿದ್ದಾಳಲ್ಲ ಸರ್" ಅಂದೆ.

"ನಿಜ ಯಾರು ಕೇಳಿದ್ರೀ? ಇಲ್ಲಿ ಕೇಳಿರೋದು ಕಾರಣ."

ಇನ್ನೊಂದು ಅರ್ಜಿ ಈಸೂರಿನ ಒಬ್ಬ ವಿದ್ಯಾರ್ಥಿಯದು. ಎರಡು ಪುಟ. ಚಿಕ್ಕಂದಿನಿಂದ ಸಾಕಿ ಸಲಹಿದ ಅಜ್ಜಿ ಪರೀಕ್ಷೆಯ ಹಿಂದಿನ ದಿನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿದ್ದು, ಕೊನೆಯದಾಗಿ 'ಓದು ಮಗಾ' ಅಂದಿದ್ದು, ಎಲ್ಲ ಇತ್ತು. ಓದುತ್ತಾ ಓದುತ್ತಾ ಮೇಷ್ಟ್ರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಪ್ರಾಂಶುಪಾಲೆ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ನಾನೂ ನಂಬಿದೆ, ಸುಳ್ಳು ಹೇಳಬಾರದು. ಶಿಫಾರಸು ಮಾಡಲಾಗಿದೆ ಅಂತ ಬರೆದೆ.

ಇನ್ನು ಪೋಷಕರ ಮುಚ್ಚಳಿಕೆ ಒಂದು ಬಾಕಿ. ಅರ್ಜಿಯಲ್ಲಿ ಪೋಷಕರ ನಂಬರ್ ಅಂತ ಇದ್ದದ್ದಕ್ಕೆ ಫೋನ್ ಮಾಡಿ, ನಾಳೆ ಮನೆಯವರು ಯಾರಾದರೂ ಬಂದು ಸಹಿ ಮಾಡಿ ಹೋಗಿ ಅಂದೆ. ಮರುದಿನ ಕಾಸಗಲ ಕುಂಕುಮ ಇಟ್ಟುಕೊಂಡ ಒಬ್ಬ ಮುದುಕಿ, ಕೈಯಲ್ಲಿ ಒಂದು ಚೀಲ ಅವರೆಕಾಯಿ ಹಿಡಿದುಕೊಂಡು, ನೆಟ್ಟಗೆ ಪ್ರಾಂಶುಪಾಲೆಯ ಕೋಣೆಗೇ ಬಂದಳು. ಬ್ರಿಟಿಷರ ಕಾಲದಲ್ಲೇ ಸ್ವಾತಂತ್ರ್ಯ ಸಾರಿದ ಈಸೂರಿನವರಿಗೆ ಸರ್ಕಾರಿ ಕುರ್ಚಿ ಕಂಡರೆ ಹೆದರಿಕೆ ಮೊದಲಿನಿಂದಲೂ ಇಲ್ಲ.

"ಸಹಿ ಮಾಡಾಕ ಕರೆದಿದ್ರಂತ" ಅಂದಳು.

"ಹುಡುಗನಿಗೆ ನೀವು ಏನಾಗಬೇಕು?" ಪ್ರಾಂಶುಪಾಲೆ ಕೇಳಿದರು.

"ಅಜ್ಜಿ."

ಪ್ರಾಂಶುಪಾಲೆ ಅರ್ಜಿಯನ್ನು ಮತ್ತೆ ಕೈಗೆ ತಗೊಂಡರು. ಇಂಗ್ಲಿಷಿನ ಮೇಷ್ಟ್ರು ಮೆಲ್ಲಗೆ, ಆಸೆ ಬಿಡದೆ ಕೇಳಿದರು: "ಇನ್ನೊಬ್ಬ ಅಜ್ಜಿ ಇದ್ದರೇನೋ?"

"ಆಕಿ ಇವ ಹುಟ್ಟೋ ಮುಂಚೇನ ಹೋದ್ಲು. ಈಗ ಇರಾಕಿ ನಾ ಒಬ್ಬಾಕಿ. ಯಾಕ್ರಿ?"

ಮುಚ್ಚಿಡುವ ಹಾಗಿರಲಿಲ್ಲ. ಪ್ರಾಂಶುಪಾಲೆ ಆ ಎರಡು ಪುಟವನ್ನು ಓದಿ ಹೇಳಿದರು. ಮುದುಕಿ ತಾನು ಸತ್ತ ಕತೆಯನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಬಾಗಿಲ ಹತ್ತಿರ ಬಂದ ಮೊಮ್ಮಗ ಇದನ್ನು ನೋಡಿ ಹಾಗೇ ಗೋಡೆಗೆ ಅಂಟಿಕೊಂಡ.

"ಪರೀಕ್ಷೆ ಹಿಂದಿನ ದಿನ ಎಲ್ಲಿದ್ದ್ಯೋ?" ಅಜ್ಜಿ ಕೇಳಿದಳು.

"ಟೂರ್ನಮೆಂಟ್ ಇತ್ತಜ್ಜಿ" ಅಂದ, ನೆಲ ನೋಡುತ್ತಾ.

"ಗೆದ್ರಾ?"

"ಇಲ್ಲ."

"ಥೂ! ನನ್ನ ಜೀವ ತೆಗೆದಿದ್ದಕ್ಕೆ ಅದೂ ದಕ್ಕಲಿಲ್ಲ."

ಪ್ರಾಂಶುಪಾಲೆ ಹಿಂದಿನ ದಿನದ ಆ ಹುಡುಗಿಯ ಕಾಗದವನ್ನು ಕಡತದಿಂದ ನನ್ನ ಕೈಯಲ್ಲೇ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸುಮಾರು ಹೊತ್ತು ನೋಡಿದರು. ಆಮೇಲೆ ಹುಡುಗಿಯ ಅರ್ಜಿಗೆ ಶಿಫಾರಸು ಬರೆಸಿದರು. ಹುಡುಗನದನ್ನು ಹರಿದು, 'ನಿಜ ಬರೆದುಕೊಂಡು ಬಾ, ಆಗ ನೋಡೋಣ' ಅಂದರು. ಅವನು ಅಲ್ಲೇ ನಿಂತು ನನ್ನ ಪೆನ್ನು ತಗೊಂಡು ಒಂದೇ ವಾಕ್ಯ ಬರೆದುಕೊಟ್ಟ. ಅದಕ್ಕೂ ಸಹಿ ಬಿತ್ತು.

ಅಜ್ಜಿಯ ಮುಖ ಮಾತ್ರ ಇನ್ನೂ ಕೆಂಪಗಿತ್ತು. "ಹೋಗಲಿ ಬಿಡಿ ಅಜ್ಜಿ, ಹುಡುಗ ಮಾಡಿದ್ದಕ್ಕೆ ಇಷ್ಟು ಸಿಟ್ಟಾಗಬೇಡಿ" ಅಂದರು ಪ್ರಾಂಶುಪಾಲೆ.

"ಅವನ ಮ್ಯಾಲಿನ ಸಿಟ್ಟು ಮನಿಗೆ ಹೋಗಿ ತೀರಿಸ್ಕೋತೀನಿ. ಈಗಿನ ಸಿಟ್ಟು ನಿಮ್ಮ ಮ್ಯಾಲೆ" ಅಂದಳು ಮುದುಕಿ. "ಪಿಂಚಣಿಗೆ ಅಂತ ವರ್ಷಾ ವರ್ಷಾ ಹೋಗಿ, ನಾ ಬದುಕೀನಿ ಅಂತ ತೋರಿಸ್ತೀನಿ. ಅವರ ಮುಂದೇ ಕುಂತಿರ್ತೀನಿ, ಮಾತಾಡ್ತಿರ್ತೀನಿ. ಆದರೂ ಮಷೀನಿಗೆ ಬೆರಳು ಹತ್ತಲಿಲ್ಲ, ನೀ ಬದುಕಿದ್ದಿ ಅನ್ನಾಕ ಪುರಾವೆ ಸಾಲದು, ನಾಳೆ ಬಾ ಅಂತಾರೆ. ಈ ಮಂಗ್ಯಾ ನಾ ಸತ್ತೆ ಅಂತ ಎರಡು ಪುಟ ಗೀಚಿದ್ರೆ, ಇಷ್ಟು ಓದಿದ ಮೂರು ಜನ ಕುಂತು, ಒಂದು ಜೆರಾಕ್ಸೂ ಕೇಳದಂಗ ಒಪ್ಕೊಂಡ್ರಲ್ರೀ!"