ನಾಲ್ಕು ಚಕ್ರ ಮತ್ತು ಒಂದು ಅನ್ನದ ಪಾತ್ರೆ

"ಚಕ್ರ ಉಜ್ಜಿಸೋಕೆ ಇನ್ನೊಬ್ಬನ ಹತ್ರ ಹೋಗೋಕೆ ನನ್ನ ಕೈಗೇನು ಲಕ್ವ ಹೊಡೆದಿದೆಯಾ?" ಎಂದು ಎಲಾಡಿಯೊ ಬೀದಿಗೆಲ್ಲ ಕೇಳುವಂತೆ ಘೋಷಿಸಿದ.

ಭಾನುವಾರಕ್ಕೆ ಅವನ ಮದುವೆಯಾಗಿ ಮೂವತ್ತು ವರ್ಷ. ಮದುವೆಯ ದಿನ ಪೋನ್ಸೆ ಊರಿನ ಇಗರ್ಜಿಯಿಂದ ಮದುಮಗಳು ಮಿಗ್ದಾಲಿಯಾಳನ್ನು ಕೂರಿಸಿಕೊಂಡು ಬಂದಿದ್ದ ಕೊರೊಲ್ಲಾ ಕಾರು ಇನ್ನೂ ಮನೆ ಮುಂದಿತ್ತು. ಅದೇ ಕಾರಿನಲ್ಲಿ, ಅದೇ ಹೆಂಡತಿಯನ್ನು, ಅದೇ ಇಗರ್ಜಿಗೆ ಕರೆದೊಯ್ಯಬೇಕು. ಕಡಲ ಗಾಳಿಗೆ ಮಂಕಾದ ಅಲ್ಯೂಮಿನಿಯಂ ಚಕ್ರಗಳಲ್ಲಿ ಅವಳು ತನ್ನ ಮುಖ ನೋಡಿಕೊಳ್ಳುವಂತಾಗಬೇಕು! ಇದು ಅವನ ಭೀಷ್ಮ ಪ್ರತಿಜ್ಞೆ.

ಶನಿವಾರ ಬೆಳಿಗ್ಗೆ ಯುದ್ಧ ಶುರುವಾಯಿತು. ಚಕ್ರಗಳನ್ನು ಬಿಚ್ಚಿ ಊಟದ ಮೇಜಿನ ಮೇಲೆ ಮಲಗಿಸಿದ. ನೀರು ಚಿಮುಕಿಸುತ್ತ ಮೊದಲು ಒರಟು ಸ್ಯಾಂಡ್‌ಪೇಪರ್, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಕೊನೆಗೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಡಾಂಬರಿನಂಥ ಕರಿ ಇಳಿಯಿತು.

"ಎಲಾಡಿಯೊ! ಇದು ನನ್ನ ಮುಖ ಒರೆಸೋ ಟವೆಲ್ ಅಲ್ವೇನೋ?"

"ಆಗಿತ್ತು ಕಣೇ. ಈಗ ಕಲೆಗೋಸ್ಕರ ಪ್ರಾಣ ಬಿಟ್ಟಿದೆ."

"ಆ ಕೈಯಲ್ಲಿ ಫ್ರಿಜ್ ಮುಟ್ಟು, ನಿನ್ನನ್ನೇ ಉಜ್ಜಿ ಹಾಕ್ತೀನಿ!"

ಫ್ರಿಜ್ ಮುಟ್ಟಿ ಆಗಲೇ ಅರ್ಧ ಗಂಟೆಯಾಗಿತ್ತು. ಸ್ವಿಚ್ಚು, ಬಾಗಿಲು, ಪಾಪ ಬೆಕ್ಕು, ಎಲ್ಲದರ ಮೇಲೂ ಅವನ ಐದು ಬೆರಳಿನ ಮುದ್ರೆ ಬಿದ್ದಿತ್ತು. ಮಿಗ್ದಾಲಿಯಾ ತಲೆ ಚಚ್ಚಿಕೊಂಡು, ಮಾರನೆಯ ದಿನಕ್ಕೆ ಕೂದಲು ಸಿಂಗರಿಸಿಕೊಂಡು ಬರಲು ಬ್ಯೂಟಿ ಪಾರ್ಲರಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಚಕ್ರ ಕನ್ನಡಿಯಾಗಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ! ಎಲಾಡಿಯೊನ ಕೈ ತುರಿಸುತ್ತಿತ್ತು, ಉಜ್ಜಲು ಇನ್ನೇನಾದರೂ ಬೇಕಿತ್ತು. ಆಗ ಒಲೆಯ ಮೇಲೆ ಕಂಡಿತು ಕಾಲ್ದೇರೊ, ಅನ್ನ ಬೇಯಿಸುವ ಎರಕದ ಅಲ್ಯೂಮಿನಿಯಂ ಪಾತ್ರೆ. ಒಳಗೂ ಕಪ್ಪು, ಹೊರಗೂ ಕಪ್ಪು.

"ಅಯ್ಯೋ, ನನ್ನ ಹೆಂಡತಿ ಮೂವತ್ತು ವರ್ಷದಿಂದ ಈ ಮಸಿಯಲ್ಲೇ ಬೇಯಿಸ್ತಿದ್ದಾಳಲ್ಲ!" ಅವನಿಗೆ ಪ್ರೀತಿ ಉಕ್ಕಿ ಬಂತು. ಒಳಗೂ ಹೊರಗೂ ತಿಕ್ಕಿದ, ಸೋಪು ಹಾಕಿ ಏಳು ಸಲ ತೊಳೆದ, ರಿಬ್ಬನ್ ಕಟ್ಟಿ ಮೇಜಿನ ಮೇಲಿಟ್ಟ.

ಮಿಗ್ದಾಲಿಯಾ ಬಂದಳು. ನೋಡಿದಳು. ಬಯ್ಯಲಿಲ್ಲ. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಹೊಳೀತಿದೆ ಅಲ್ವಾ?" ಎಂದ ಎಲಾಡಿಯೊ, ದನಿ ಅರ್ಧಕ್ಕೆ ಬಂದಿತ್ತು.

"ಅದು ಮಸಿ ಅಲ್ಲ ಕಣೋ. ಎಣ್ಣೆ. ಅಮ್ಮ ಇಪ್ಪತ್ತು ವರ್ಷ, ನಾನು ಮೂವತ್ತು ವರ್ಷ ಪಳಗಿಸಿದ್ದು. ಅದಿಲ್ಲದೆ ಪೆಗಾವೊ ಏಳೋದಾದ್ರೂ ಹೇಗೆ?"

ಪೆಗಾವೊ ಎಂದರೆ ತಳ ಹಿಡಿದ ಅನ್ನದ ಗರಿಗರಿ ಅಡಿಪದರ. ಅದಕ್ಕಾಗಿ ಆ ಮನೆಯಲ್ಲಿ ಜಗಳಗಳೇ ಆಗಿದ್ದವು. ಎಲಾಡಿಯೊ ಮೂವತ್ತು ವರ್ಷ ಅದನ್ನು ಕಡಿದು ತಿಂದಿದ್ದ, ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಹೆಂಡತಿಯ ಕಣ್ಣಲ್ಲಿ ನೀರಿತ್ತು.

ಭಾನುವಾರ ಮಿಗ್ದಾಲಿಯಾ ಕಾರು ಹತ್ತಲಿಲ್ಲ. ಸಿಂಗರಿಸಿದ ಕೂದಲು, ಹೊಸ ಗೌನು, ಇಗರ್ಜಿಯತ್ತ ಬಿರುಸಿನ ನಡಿಗೆ! ಅವಳ ಹಿಂದೆ ಎಲಾಡಿಯೊ ಖಾಲಿ ಕಾರನ್ನು ಮೆರವಣಿಗೆಯಂತೆ ನಿಧಾನಕ್ಕೆ ಓಡಿಸಿದ. "ಚಕ್ರ ಅಂದ್ರೆ ಚಕ್ರ ಕಣಯ್ಯಾ!" ಎಂದು ಬೀದಿಯವರು ಹೊಗಳಿದಾಗೆಲ್ಲ ಅವನ ತಲೆ ಇನ್ನಷ್ಟು ಕೆಳಗಿಳಿಯಿತು.

ಊಟಕ್ಕೆ ಅತ್ತೆ ದೊನ್ಯಾ ಪ್ರೊವಿ ಬಂದರು. ವಯಸ್ಸು ಎಂಬತ್ತಾರು, ನಾಲಿಗೆಗೆ ಇಪ್ಪತ್ತು. ಅನ್ನ ತಳಕ್ಕೆ ಅಂಟಿ ಕೆರೆದರೂ ಏಳಲಿಲ್ಲ, ಬಂದದ್ದು ಬೂದುಬಣ್ಣದ ಮುದ್ದೆ.

"ಯಾರು ಉಜ್ಜಿದ್ದು?"

ಎಲಾಡಿಯೊ ಶಾಲೆಯ ಹುಡುಗನಂತೆ ಕೈ ಎತ್ತಿದ.

"ಉಜ್ಜಿದವರೇ ಬೇಯಿಸಲಿ. ದಿನಾ ಎಣ್ಣೆ, ದಿನಾ ಅನ್ನ. ಪಾತ್ರೆ ಕಪ್ಪಾಗೋವರೆಗೂ ನನ್ನ ಮಗಳು ಒಲೆ ಹತ್ರ ಬರಬಾರದು. ತಿಳೀತಾ ಅಳಿಯಂದ್ರೇ?"

ತಿಳಿಯಿತು. ಮೊದಲ ವಾರ ಗಂಜಿ, ಎರಡನೆಯ ವಾರ ಇದ್ದಿಲು. ಮೂರನೆಯ ವಾರ ಬೆಕ್ಕೂ ಪಕ್ಕದ ಮನೆ ಹಿಡಿಯಿತು. ಕೈ ಸುಟ್ಟಿತು, ಸೊಂಟ ಹಿಡಿಯಿತು. ಮಿಗ್ದಾಲಿಯಾ ಬೇಕಾದಷ್ಟೇ ಮಾತಾಡುತ್ತಿದ್ದಳು: "ಉಪ್ಪು." "ಉರಿ ಜಾಸ್ತಿ." ಅಷ್ಟಕ್ಕೇ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಒಂಬತ್ತನೆಯ ಭಾನುವಾರ ಪಾತ್ರೆಯ ತಳ ಕಪ್ಪೇರಿತ್ತು. ಎಲಾಡಿಯೊ ಉಸಿರು ಬಿಗಿಹಿಡಿದು ಸೌಟು ತೂರಿಸಿದ. ಕರ್ರ್! ಪೆಗಾವೊ ಹಪ್ಪಳದಂತೆ ಇಡಿಯಾಗಿ ಎದ್ದಿತು! ಅತ್ತೆ ಚೂರು ಬಾಯಿಗಿಟ್ಟು ಸುಮ್ಮನೆ ತಲೆಯಾಡಿಸಿದರು. ಮಿಗ್ದಾಲಿಯಾ ಕಣ್ಣು ಮುಚ್ಚಿ ಕಡಿದಳು, ಕಣ್ಣಂಚು ಒದ್ದೆಯಾಯಿತು.

ಎಲಾಡಿಯೊ ಎದೆಯುಬ್ಬಿಸಿ ಏಪ್ರನ್ ಬಿಚ್ಚತೊಡಗಿದ. "ಸರಿ ಹಾಗಾದ್ರೆ! ನಿನ್ನ ಪಾತ್ರೆ ನಿನಗೆ ಒಪ್ಪಿಸಿದ್ದೀನಿ. ಇನ್ನಾದ್ರೂ ಅಳು ನಿಲ್ಲಿಸೇ!"

"ಪಾತ್ರೆಗಲ್ಲ ಕಣೋ ಅಳ್ತಿರೋದು," ಎಂದಳು ಮಿಗ್ದಾಲಿಯಾ. "ಮೂವತ್ತು ವರ್ಷ ಇದನ್ನ ಕೆರೆದು ಕೆರೆದು ನಿಮಗೆಲ್ಲ ಬಡಿಸಿದೆ. ನಾನು ಕೂರೋ ಹೊತ್ತಿಗೆ ಪಾತ್ರೇಲಿ ಏನೂ ಇರ್ತಿರಲಿಲ್ಲ. ಬಿಸಿಬಿಸಿಯಾಗಿ, ಕೂತ್ಕೊಂಡು, ಇವತ್ತೇ ತಿಂದಿದ್ದು."

ಎಲಾಡಿಯೊನ ಕೈ ಏಪ್ರನ್ನಿನ ಗಂಟಿನ ಮೇಲೇ ನಿಂತಿತು.

ಅವಳು ತಟ್ಟೆ ಮುಂದೆ ಚಾಚಿದಳು. "ನಿಂತ್ಕೊಂಡು ಏನ್ ನೋಡ್ತೀಯ? ಇನ್ನೊಂದು ಚೂರು ಹಾಕು."

ಅವನು ಏಪ್ರನ್ ಮತ್ತೆ ಕಟ್ಟಿಕೊಂಡ.